ಸಾಬಣ್ಣನ ಗಾಡಿಯ ಮೇಲೆ ಐನಾಪುರಕ್ಕೆ

ಶಹಾಬಾದ್

ಮಂಡ್ಯದ ನಮ್ಮ ಬೀದಿಯಲ್ಲಿ ದುಬೈಗೆ ಹೋಗಿ ಬಂದವರಿದ್ದಾರೆ, ಸಿಂಗಪುರ ನೋಡಿ ಬಂದವರಿದ್ದಾರೆ. ನನ್ನ ಪರದೇಶ ಶಹಾಬಾದ್. ಪಾಸ್‌ಪೋರ್ಟ್ ಯಾರೂ ಕೇಳಲಿಲ್ಲ, ಭಾಷೆಯೂ ಕನ್ನಡವೇ. ಆದರೂ ಹೈಸ್ಕೂಲಿನಲ್ಲಿ ಗಣಿತ ಹೇಳಲು ಬಂದ ಮೊದಲ ವಾರ, ಬಾಡಿಗೆ ಮನೆಯ ಯಜಮಾನಿ ಮಹಾದೇವಮ್ಮನವರ ಹತ್ತು ಮಾತಿನಲ್ಲಿ ನಾಲ್ಕು ನನಗೆ ತಿಳಿಯುತ್ತಿರಲಿಲ್ಲ, ನನ್ನ ಹತ್ತರಲ್ಲಿ ಆರು ಅವರಿಗೆ. ಆರು ವರ್ಷ ಅಲ್ಲಿದ್ದೆ. ಈಗ ವರ್ಗವಾಗಿ ಊರಿಗೆ ಬಂದಿದ್ದೇನೆ. ಬಂದವರೆಲ್ಲ ‘ಬಿಸಿಲು ಹೇಗಿತ್ತು?’ ಎಂದು ಕೇಳುತ್ತಾರೆ. ಬಿಸಿಲಿನ ಮಾತು ಬಿಡಿ. ಹೊರಡುವ ಮುನ್ನ ನಾನು ಮಾಡಿದ ಒಂದು ಪ್ರಯಾಣದ ಕತೆ ಹೇಳುತ್ತೇನೆ.

ಅಲ್ಲಿ ಕೆಲಸಕ್ಕೆ ಸೇರಿದ ಮೂರನೆಯ ತಿಂಗಳಲ್ಲಿ ನನ್ನ ಜೀವನದ ಮೊದಲ ಮೋಟಾರ್ ಸೈಕಲ್ ಕೊಂಡಿದ್ದೆ. ಹೊಸದಲ್ಲ, ನನಗಿಂತ ನಾಲ್ಕೈದು ವರ್ಷಕ್ಕಷ್ಟೇ ಚಿಕ್ಕದು. ಕೊಟ್ಟವನು ಸಾಬಣ್ಣ. ಹಗಲು ನೆಲಕ್ಕೆ ಹಾಸುವ ಫರಸಿ ಕಲ್ಲಿನ ಪಾಲಿಶ್ ಮಶೀನಿನಲ್ಲಿ ದುಡಿಯುತ್ತಿದ್ದ, ಸಂಜೆ ಸ್ಟೇಷನ್ ರಸ್ತೆಯ ಕಾಶಪ್ಪನ ಚಹಾದಂಗಡಿಯ ಪಕ್ಕ ಕೂತು ಗಾಡಿ ರಿಪೇರಿ ಮಾಡುತ್ತಿದ್ದ. ಹಳೆಯ ಗಾಡಿ ಕೊಳ್ಳುವವರು ಅವನನ್ನು ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. ಸಾಬಣ್ಣ ತಲೆ ಆಡಿಸಿದರೆ ವ್ಯಾಪಾರ, ಇಲ್ಲದಿದ್ದರೆ ಇಲ್ಲ. ನನಗೆ ಕೊಟ್ಟಿದ್ದು ಅವನೇ ಎಂಟು ವರ್ಷ ಓಡಿಸಿದ ಸ್ವಂತ ಗಾಡಿ.

ಅದೇ ವಾರ ಅಮಾವಾಸ್ಯೆ ಬಂತು. ನಮ್ಮ ಕಡೆ ವಾಹನಕ್ಕೆ ಪೂಜೆ ವರ್ಷಕ್ಕೊಮ್ಮೆ, ಆಯುಧಪೂಜೆಗೆ. ಅಲ್ಲಿ ಪ್ರತಿ ಅಮಾವಾಸ್ಯೆಗೂ ಗಾಡಿ ತೊಳೆದು, ವಿಭೂತಿ ಹಚ್ಚಿ, ಲಿಂಬೆಹಣ್ಣು ಕಟ್ಟಿ, ಕಾಯಿ ಒಡೆಯುತ್ತಾರೆ. ಮಹಾದೇವಮ್ಮ ಒಂದು ವಿಭೂತಿ ಗಟ್ಟಿ ತಂದುಕೊಟ್ಟು, ‘ಗಾಡಿ ಮುಖಕ್ಕ ಹಚ್ರಿ ಸರ್, ಚಲೋ ಆಗ್ತದ’ ಅಂದರು. ಮುಖ ಅಂದರೆ ಹೆಡ್‌ಲೈಟಿನ ಮೇಲ್ಭಾಗ. ನಾನು ಪರದೇಶಿ, ಭಕ್ತಿಯಲ್ಲಿ ಸ್ಥಳೀಯರಿಗಿಂತ ಒಂದು ಹೆಜ್ಜೆ ಮುಂದಿರಬೇಕಲ್ಲ. ಓಡಿಸುವಾಗ ಕಣ್ಣೆದುರೇ ಇರಲಿ ಎಂದು ಪೆಟ್ರೋಲ್ ಟಾಕಿಯ ಮುಚ್ಚಳದ ಮೇಲೂ ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಿನಿಂದ ದಪ್ಪಗೆ ಎಳೆದೆ.

ಮುಂದಿನ ಭಾನುವಾರ ಗುಂಡಗುರ್ತಿಯಲ್ಲಿ ಸಹೋದ್ಯೋಗಿಯೊಬ್ಬರ ಮನೆಗೆ ಊಟಕ್ಕೆ ಹೊರಟೆ. ಗಾಡಿ ದಾರಿಯಲ್ಲಿ ಮೂರು ಸಲ ನಿಂತಿತು. ಹೋಳಿಗೆ ಆರಿಹೋದ ಮೇಲೆ ತಲುಪಿದೆ. ಮರುದಿನ ಬೆಳಗ್ಗೆ ನೇರ ಕಾಶಪ್ಪನ ಅಂಗಡಿಗೆ ಹೋಗಿ, ಚಹಾ ಕುಡಿಯುತ್ತಿದ್ದ ಹತ್ತು ಜನರ ಮುಂದೆ ಸಾಬಣ್ಣನಿಗೆ ಅಂದೆ: ‘ಕೆಟ್ಟ ಗಾಡಿ ನನ್ನ ತಲೆಗೆ ಕಟ್ಟಿದೀಯ. ಮೋಸಗಾರ ನೀನು.’

ಅವನು ನನಗಿಂತ ಹದಿನೈದು ವರ್ಷ ದೊಡ್ಡವನು. ಎಮ್ಮೆ ಮೇಯಿಸುವವರಿಗೂ ‘ಬರ್ರಿ, ಹೋಗ್ರಿ’ ಅನ್ನುವ ಊರು ಅದು. ನನ್ನ ‘ನೀನು’ ಕೇಳಿ ಯಾರೋ ಕಪ್ಪನ್ನು ಬೆಂಚಿನ ಮೇಲೆ ಇಟ್ಟ ಸದ್ದಾಯಿತು. ಸಾಬಣ್ಣ ಮಾತ್ರ ಮೆಲ್ಲಗೆ ಹೇಳಿದ: ‘ಗಾಡಿ ಎಂಟ್ ದಿನ ನನ್ನ ಬಲ್ಲಿ ಬಿಡ್ರಿ ಸರ್. ಓಡಸಿ ನೋಡ್ತೀನಿ. ತಪ್ಪು ನಂದಿದ್ರ ನಾನs ಹೇಳ್ತೀನಿ.’

‘ಬಿಟ್ಟರೆ ಇನ್ನೇನೇನು ಕಳಚಿಕೊಳ್ತೀಯೋ’ ಅಂದುಬಿಟ್ಟೆ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಮೇಷ್ಟ್ರು ಹೇಳಿದರೆಂದರೆ ಸುಳ್ಳಿರಲಾರದು ಎಂದು ಊರು ನಂಬಿತು. ಸಾಬಣ್ಣನನ್ನು ಗಾಡಿ ನೋಡಲು ಕರೆಯುವವರು ಕಡಿಮೆಯಾದರು, ಆಮೇಲೆ ನಿಂತೇಹೋದರು. ವರ್ಷ ತುಂಬುವುದರೊಳಗೆ ಅವನು ಹೆಂಡತಿಯ ಊರಾದ ಐನಾಪುರಕ್ಕೆ, ಚಿಂಚೋಳಿ ತಾಲ್ಲೂಕಿಗೆ, ಹೊರಟುಹೋದ. ಹೋಗುವಾಗ ಮಹಾದೇವಮ್ಮನ ಹತ್ತಿರ ಹೇಳಿ ಹೋಗಿದ್ದ: ‘ಸರ್‌ಗೆ ಒಮ್ಮೆ ಆ ಗಾಡಿ ಐನಾಪುರತನಕ ಓಡಸ್ಕೊಂಡು ಬರ್ರಿ ಅಂತ ಹೇಳ್ರಿ. ನಿಂತ್ರ ನಾ ಮೋಸಗಾರ ಖರೆ.’

ನಾನು ಹೋಗಲಿಲ್ಲ. ಗಾಡಿಯನ್ನೂ ಮಾರಲಿಲ್ಲ. ಮನೆಯಿಂದ ಸ್ಕೂಲಿಗೆ ಸುಖವಾಗಿ ಹೋಗುತ್ತಿತ್ತು, ದೂರ ಹೊರಟರೆ ಸಾಕು ನಿಲ್ಲುತ್ತಿತ್ತು. ಕಾರ್ಬ್ಯುರೇಟರ್ ಬಿಚ್ಚಿಸಿದೆ, ಪಿಸ್ಟನ್ ಹಾಕಿಸಿದೆ, ವೈರಿಂಗ್ ಪೂರ್ತಿ ಬದಲಾಯಿಸಿದೆ. ಮೂಗಿಗಿಂತ ಮೂಗುತಿ ಭಾರವಾಯಿತು. ಪ್ರತಿ ರಿಪೇರಿಗೂ ಸಾಬಣ್ಣನನ್ನು ಒಮ್ಮೆ ಬೈದು ಸಮಾಧಾನಪಟ್ಟುಕೊಳ್ಳುತ್ತಿದ್ದೆ. ವರ್ಗಾವಣೆ ಆದೇಶ ಕೈಗೆ ಬಂದ ದಿನ ಹಳೆಯ ಸಿಟ್ಟು ಮತ್ತೆ ಎದ್ದಿತು. ಐನಾಪುರಕ್ಕೆ ಹೋಗುತ್ತೇನೆ, ದಾರಿಯಲ್ಲಿ ಎಷ್ಟು ಸಲ ನಿಂತಿತೆಂದು ಲೆಕ್ಕ ಹಿಡಿದು ಅವನ ಮುಖಕ್ಕೆ ಹೇಳುತ್ತೇನೆ, ಆ ಮೇಲೆ ಊರು ಬಿಡುತ್ತೇನೆ ಎಂದುಕೊಂಡೆ. ಹೀಗೆ ಹೊರಟೆ.

ವಾಡಿ

ಮೊದಲನೆಯದು ವಾಡಿಯಲ್ಲೇ ಆಯಿತು, ರೈಲ್ವೆ ಗೇಟು ಇನ್ನೂ ಕಣ್ಣಿಗೆ ಬೀಳುವ ಮೊದಲೇ. ಗಾಡಿ ಎರಡು ಸಲ ಕೆಮ್ಮಿ ನಿಂತಿತು. ನನಗೆ ಸಂತೋಷವಾಯಿತು. ‘ಒಂದು’ ಎಂದು ಎಣಿಸಿದೆ.

ಗಾಡಿ ಕೆಟ್ಟು ನಿಂತ ಮನುಷ್ಯ ನಮ್ಮ ಕಡೆ ಒಬ್ಬಂಟಿ. ಹೋಗುವವರು ‘ಪೆಟ್ರೋಲ್ ಇದೆಯಾ ನೋಡಿ ಸಾರ್’ ಎಂದು ಕೂಗಿ ಮುಂದೆ ಸಾಗುತ್ತಾರೆ. ಇಲ್ಲಿ ಹಾಗಲ್ಲ. ಐದು ನಿಮಿಷದಲ್ಲಿ ಆರು ಜನ ಸೇರಿದರು. ಒಬ್ಬ ಕಿಕ್ ಹೊಡೆದ, ಒಬ್ಬ ಪ್ಲಗ್ ಬಿಚ್ಚಿದ, ಕುರಿ ಹೊಡೆದುಕೊಂಡು ಹೋಗುತ್ತಿದ್ದವರೊಬ್ಬರು ಸೈಲೆನ್ಸರ್ ಹತ್ತಿರ ಬಗ್ಗಿ ಮೂಸಿದರು.

‘ಪ್ಲಗ್‌ನಾಗ ಕಚರಾ ಸೇರ್ಯದ.’

‘ಅಲ್ರಿ, ಇದಕ್ಕ ಗರ್ಮಿ ಆಗ್ಯದ. ನೆಳ್ಳಾಗ ನಿಲ್ಲಸ್ರಿ.’

ಟ್ರ್ಯಾಕ್ಟರ್ ನಿಲ್ಲಿಸಿ ಇಳಿದು ಬಂದವನು ಟಾಕಿಯ ಮುಚ್ಚಳ ತೆಗೆದು, ಒಳಗೆ ಇಣುಕಿ, ಗಾಡಿಯನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ, ‘ಪೆಟ್ರೋಲ್ ಭಾಳ ಅದ’ ಎಂದು ಮುಚ್ಚಿದ. ಅಷ್ಟರಲ್ಲಿ ಪ್ಲಗ್ ಒರೆಸಿದವನು ಅದನ್ನು ತಿರುಗಿಸಿ ಕೂರಿಸಿ ಒಂದು ಕಿಕ್ ಹೊಡೆದ. ಗಾಡಿ ಎದ್ದಿತು. ಎಲ್ಲರೂ ಪ್ಲಗ್ ಒರೆಸಿದವನ ಬೆನ್ನು ತಟ್ಟಿದರು. ಕುರಿಯವರು ಮಾತ್ರ ‘ನೆಳ್ಳಿಗಿ ಬಂದದ, ಅದಕ್ಕ’ ಎಂದು ತಮ್ಮ ವಾದ ಬಿಡಲಿಲ್ಲ. ನಾನು ಎಲ್ಲರಿಗೂ ಕೈಮುಗಿದು ಹೊರಟೆ.

ಚಿತ್ತಾಪುರ

ಚಿತ್ತಾಪುರದಲ್ಲಿ ಕೋರ್ಟಿನ ಎದುರು ನಿಂತಿತು. ಎರಡು. ಕಪ್ಪು ಕೋಟಿನವರೊಬ್ಬರು ತಾವೇ ನನ್ನ ಗಾಡಿ ತಳ್ಳುತ್ತ ಮೈಬೂಬಸಾಬರ ಗ್ಯಾರೇಜಿಗೆ ಮುಟ್ಟಿಸಿ, ‘ಕೇಸಿನ ಟೈಮ್ ಆತು’ ಎಂದು ಓಡಿದರು. ನಮ್ಮಲ್ಲಿ ವಕೀಲರು ನಡೆಯುವುದನ್ನು ನೋಡಿದ್ದೇನೆ, ತಳ್ಳುವುದನ್ನು ಅಲ್ಲೇ ನೋಡಿದ್ದು.

ಮೈಬೂಬಸಾಬರು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ‘ಯಾರ್ ಕೊಟ್ಟಾರ್ರಿ ಇದನ್ನ?’

‘ಶಹಾಬಾದಿನ ಸಾಬಣ್ಣ.’

‘ಸಾಬಣ್ಣನ ಗಾಡಿ ನಿಲ್ಲೂದಿಲ್ಲ’ ಅಂದರು. ನಂತರ ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. ‘ಹಾಂ, ನೀವೇನ್ರಿ ಆ ಮಾಸ್ತರ್?’

ಆ ಮಾತು ಇಷ್ಟು ದೂರ ಬಂದಿದೆಯೆಂದು ನನಗೆ ಗೊತ್ತಿರಲಿಲ್ಲ. ‘ನಿಂತಿರೋದು ನಿಮ್ಮ ಕಣ್ಣೆದುರೇ ಇದೆಯಲ್ಲ’ ಅಂದೆ. ಮುಚ್ಚಳ ತೆಗೆದು ಪೆಟ್ರೋಲ್ ನೋಡಿದರು, ಮುಚ್ಚಿದರು. ಕಾಯಿಲ್ ಹೋಗಿದೆ ಎಂದು ಹೊಸದೊಂದನ್ನು ಹಾಕಿದರು. ಗಾಡಿ ಗುಡುಗಿತು. ಚಹಾ ತರಿಸಿದರು. ನಮ್ಮ ಕಡೆ ‘ಕಾಫಿ ಕುಡೀತೀರಾ?’ ಎಂದು ಕೇಳುತ್ತಾರೆ, ನಾವು ಬೇಡ ಅನ್ನುತ್ತೇವೆ, ಇಬ್ಬರಿಗೂ ಸಮಾಧಾನ. ಇಲ್ಲಿ ಕೇಳುವುದೇ ಇಲ್ಲ, ಕಪ್ಪು ಕೈಗೆ ಬಂದಿರುತ್ತದೆ.

ಹೊರಡುವಾಗ ಅವರು ಹೇಳಿದ್ದು ಇಷ್ಟೇ: ‘ಸಾಬಣ್ಣ ಈಗ ಪಾನಾ ಮುಟ್ಟೂದಿಲ್ಲಂತ್ರಿ. ಕೇಳಿ ಭಾಳ ಕೆಟ್ಟ ಅನಸ್ತು.’ ಪಾನಾ ಅಂದರೆ ಸ್ಪ್ಯಾನರ್.

ಆ ರಾತ್ರಿ ಚಿತ್ತಾಪುರದಲ್ಲೇ ಉಳಿದೆ. ಬೆಳಗ್ಗೆ ಎದ್ದಾಗ ಸಿಟ್ಟಿನ ಕಾವು ಸ್ವಲ್ಪ ತಗ್ಗಿತ್ತು. ಆದರೂ ಎಣಿಕೆ ಬಿಡಲಿಲ್ಲ.

ಸೇಡಂ

ಕಾಗಿಣಾ ಸೇತುವೆಯ ಮೇಲೆ ಮೂರು. ಅಲ್ಲಿ ನಾನೇ ಮುಚ್ಚಳ ತೆಗೆದು, ಅಲ್ಲಾಡಿಸಿ, ಮುಚ್ಚಿ, ಹತ್ತು ಕಿಕ್ ಹೊಡೆದು ಎಬ್ಬಿಸಿದೆ. ಸೇಡಂ ಊರೊಳಗೆ ನಾಲ್ಕು. ನಿಂತದ್ದು ಸರಿಯಾಗಿ ಒಂದು ಗ್ಯಾರೇಜಿನ ಬಾಗಿಲಲ್ಲಿ. ಹೊಸ ಕಾಯಿಲ್ ಹಾಕಿಸಿದ ಮೇಲೂ ಎರಡು ಸಲ ನಿಂತಿತೆಂದರೆ ಸಾಬಣ್ಣನ ಮೋಸಕ್ಕೆ ಇನ್ನೇನು ಸಾಕ್ಷಿ ಬೇಕು?

ಗ್ಯಾರೇಜಿನ ನರಸಪ್ಪ ಎಪ್ಪತ್ತು ದಾಟಿದವರು. ಗಿರಾಕಿಗಳೊಂದಿಗೆ ಅರ್ಧ ತೆಲುಗು, ಅರ್ಧ ಕನ್ನಡ. ನಾನು ಅಭ್ಯಾಸಬಲದಿಂದ ಮುಚ್ಚಳಕ್ಕೆ ಕೈ ಹಾಕಿದೆ. ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು.

‘ಕೈ ತೆಗೀರಿ. ನಿಂತ ಗಾಡಿ ಹ್ಯಾಂಗ್ ನಿಂತದ ಹಂಗs ಇರ್ಲಿ. ಮೊದ್ಲ ಹೇಳ್ರಿ, ಊರೊಳಗ ನಿಲ್ತದೇನು?’

‘ಇಲ್ಲ. ದೂರ ಹೋದರೆ ಮಾತ್ರ.’

‘ನಿಂತಾಗ ನೀವು ಮೊದ್ಲ ಏನ್ ಮಾಡ್ತೀರಿ?’

‘ಪೆಟ್ರೋಲ್ ಇದೆಯಾ ಅಂತ ನೋಡ್ತೀನಿ.’

‘ಮುಚ್ಚಳಾ ತೆಗದು?’

‘ತೆಗೆಯದೆ ಹೇಗೆ ನೋಡೋದು?’

ಅವರು ನಕ್ಕರು. ಟಾಕಿಯ ಮೇಲೆ ಕಿವಿಯಿಟ್ಟು, ಮುಚ್ಚಳವನ್ನು ನಿಧಾನವಾಗಿ ತಿರುಗಿಸಿದರು. ಒಳಗಿನಿಂದ ಸುಯ್ ಎಂದು ಸದ್ದು ಬಂತು, ಯಾರೋ ಬಹಳ ಹೊತ್ತು ಬಿಗಿಹಿಡಿದ ಉಸಿರನ್ನು ಎಳೆದುಕೊಂಡ ಹಾಗೆ.

‘ಕೇಳಿದ್ರೇನ್ರಿ? ಪೆಟ್ರೋಲ್ ಕೆಳಗ ಇಳೀಬೇಕಂದ್ರ ಮ್ಯಾಲಿಂದ ಗಾಳಿ ಹೋಗಬೇಕು. ಅದಕ್ಕಂತ ಮುಚ್ಚಳದಾಗ ಒಂದು ತೂತು ಇಟ್ಟಿರ್ತಾರ. ಅದು ಬಂದ್ ಆದ್ರ ನಾಲ್ಕೈದು ಮೈಲಿಗಿ ಪೆಟ್ರೋಲ್ ಇಳಿಯೂದು ನಿಲ್ತದ. ನೀವು ಮುಚ್ಚಳಾ ತೆಗೀತೀರಿ, ಗಾಳಿ ಒಳಗ ಹೋಗ್ತದ, ಗಾಡಿ ಏಳ್ತದ. ಪ್ಲಗ್ ಒರಸಿದಾಂವ ಹೆಸ್ರು ತೊಗೋತಾನ.’

ಅಂಗಿಯ ಪಿನ್ನು ತೆಗೆದು ಮುಚ್ಚಳದ ನಡುವೆ ಕೆರೆದರು. ಬೆಳ್ಳಗಿನ ಗಟ್ಟಿ ಹಕ್ಕಳೆ ಚೂರುಚೂರಾಗಿ ಉದುರಿತು. ಒಂದು ಚೂರನ್ನು ಬೆರಳಲ್ಲಿ ತಿಕ್ಕಿ ಮೂಸಿದರು.

‘ಫರಸಿ ಪುಡಿ ಕೂಡ್ಯದ. ಆದ್ರ ಮೂಲ ಇದು ವಿಭೂತಿರಿ.’

ಪ್ರತಿ ಅಮಾವಾಸ್ಯೆಗೂ ಹಳೆಯದರ ಮೇಲೆ ಹೊಸದಾಗಿ ಎಳೆದಿದ್ದೆ. ಶಹಾಬಾದಿನ ಕಲ್ಲಿನ ಪುಡಿ ಅದರ ಮೇಲೆ ಕೂತು, ನನ್ನ ತೊಳೆಯುವ ನೀರು ಅದಕ್ಕೆ ಸೇರಿ, ಗಾರೆಯಾಗಿತ್ತು. ಆರು ವರ್ಷ ನಾನು ಕೈಯಾರೆ ಗಾಡಿಯ ಉಸಿರು ಕಟ್ಟಿಸಿದ್ದೆ. ಕೊಟ್ಟ ದಿನ ಸಾಬಣ್ಣ ಏನೋ ಹೇಳಿದ್ದು ಆಗ ನೆನಪಿಗೆ ಬಂತು. ‘ಟಾಕಿ ಮುಚ್ಚಳಾ ಸ್ವಚ್ಛ ಇಡ್ರಿ ಸರ್, ಅದೂ ಉಸಿರಾಡಬೇಕು.’ ನಾನು ಆಗ ಕನ್ನಡಿಯಲ್ಲಿ ಹೆಲ್ಮೆಟ್ ಹಾಕಿದ ನನ್ನ ಮುಖ ನೋಡಿಕೊಳ್ಳುತ್ತಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅಷ್ಟಕ್ಕೇ ನಿಲ್ಲಿಸಲಿಲ್ಲ, ನೆಲ ಸಾರಿಸಿದವನನ್ನು ಊರು ಬಿಡಿಸಿದೆ.

ನರಸಪ್ಪ ಕೂಲಿ ಬೇಡ ಅಂದರು. ‘ಪಿನ್ನಿನ ಕೆಲಸಕ್ಕ ಏನ್ ತೊಗೊಳ್ಲಿ? ಮುಂದ ಎಲ್ಲಿಗಿ ಹೊಂಟೀರಿ?’

‘ಐನಾಪುರಕ್ಕೆ’ ಅಂದೆ. ವಾಪಸು ಶಹಾಬಾದಿಗೆ ಎಂದು ಹೇಳಲು ಬಾಯಿ ತೆರೆದಿದ್ದೆ; ಬಾಯಿಗೆ ಬಂದದ್ದು ಇದು.

ಚಿಂಚೋಳಿ ದಾರಿ

ಸೇಡಂ ಬಿಟ್ಟ ಮೇಲೆ ಗಾಡಿ ನಿಲ್ಲಲಿಲ್ಲ. ಆ ದಾರಿಯ ಬಗ್ಗೆ ನಾನು ಏನು ಬರೆಯಲಿ? ಎರಡೂ ಬದಿಗೆ ಉತ್ತು ಬಿಟ್ಟ ಕಪ್ಪು ಹೊಲಗಳು. ದೂರದಲ್ಲಿ ಚಿಂಚೋಳಿ ಕಡೆಯ ಗುಡ್ಡಗಳು. ಏನನ್ನೂ ನಾನು ಸರಿಯಾಗಿ ನೋಡಲಿಲ್ಲ. ಇಂಜಿನ್ನಿನ ಸದ್ದನ್ನೇ ಕೇಳುತ್ತಿದ್ದೆ. ಒಂದೇ ಸಮ, ಎಲ್ಲೂ ತಡವರಿಕೆಯಿಲ್ಲ.

ನಿಲ್ಲಲಿ ಎಂದು ಬೇಡಿಕೊಂಡೆ. ಒಂದು ಸಲ ನಿಂತರೂ ಸಾಕಿತ್ತು. ಗಾಡಿಯಲ್ಲಿ ಬೇರೆ ಏನೋ ದೋಷವೂ ಇತ್ತು, ನನ್ನದು ಅರ್ಧ ತಪ್ಪು ಎಂದು ಹೇಳಬಹುದಿತ್ತು. ಏರಿನಲ್ಲಿ ಬೇಕೆಂದೇ ನಾಲ್ಕನೇ ಗೇರಿನಲ್ಲಿ ಎಳೆಸಿದೆ. ಗೊಣಗುತ್ತಲೇ ಹತ್ತಿತು. ಚಿಂಚೋಳಿಯಲ್ಲಿ ಮಿರ್ಚಿ ಭಜಿ ತಿನ್ನಲು ಇಳಿದು, ಅರ್ಧ ಗಂಟೆ ಬಿಟ್ಟು ಬಂದು ಕಿಕ್ ಹೊಡೆದೆ. ಮೊದಲ ಕಿಕ್ಕಿಗೇ ಎದ್ದಿತು. ಭಜಿಯಂಗಡಿಯವನು ‘ಗಾಡಿ ಭಾರಿ ಮಸ್ತ್ ಇಟ್ಟೀರಿ ಸರ್’ ಅಂದ. ಆರು ವರ್ಷದಲ್ಲಿ ಆ ಮಾತು ಹೇಳಿದ ಮೊದಲನೆಯವನು ಅವನು. ಕಣ್ಣಲ್ಲಿ ನೀರು ಬಂತು. ತಪ್ಪನ್ನು ಮೆಣಸಿನಕಾಯಿಯ ಮೇಲೆ ಹಾಕಿದೆ.

ಐನಾಪುರ

ಸಾಬಣ್ಣ ಬೇವಿನ ಮರದ ಕೆಳಗೆ ಕೂತು ಹಗ್ಗ ಹೊಸೆಯುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಗಾಡಿಯ ಸದ್ದಿಗೆ ಕೈ ನಿಂತಿತು. ನನ್ನನ್ನು ನೋಡಲೇ ಇಲ್ಲ, ಇಂಜಿನ್ನನ್ನೇ ನೋಡಿದ. ನಾನು ಆಫ್ ಮಾಡಿದ ಮೇಲೆ ಎದ್ದು ನಿಂತು, ‘ಬರ್ರಿ ಸರ್. ಕುಂದ್ರಿ’ ಅಂದ.

‘ಸಾಬಣ್ಣನವರೇ’ ಎಂದು ಶುರುಮಾಡಿದೆ. ಆರು ವರ್ಷ ತಡವಾದ ಬಹುವಚನ ನನ್ನ ಕಿವಿಗೇ ಕಿರಿಕಿರಿಯಾಯಿತು.

‘ಎಷ್ಟು ಕಡಿ ನಿಂತದ್ರಿ?’

‘ನಾಲ್ಕು.’

ಅವನು ತಲೆ ಆಡಿಸಿದ. ‘ಪಿಸ್ಟನ್ ರಿಂಗ್ ನಾನs ಹಾಕಿದ್ದೆ. ಅದರಾಗ ಏನರ ತಪ್ಪು ಮಾಡಿದ್ನೇನೋ ಅಂತ ಭಾಳ ವಿಚಾರ ಮಾಡೀನ್ರಿ. ನೀವು ಓದಿದವ್ರು, ಸುಮ್ನ ಅಂದಿರಲಿಕ್ಕಿಲ್ಲ. ತಪ್ಪು ನಂದs ಇರಬೇಕು.’

ಅವನ ಹೆಂಡತಿ ನೀಲಮ್ಮ ನೀರಿನ ತಂಬಿಗೆ ತಂದಿಟ್ಟರು. ‘ಹೊಲದಾಗಿನ ಪಂಪು ಕೆಟ್ರೂ ಇವ್ರು ಚಿಂಚೋಳಿಲಿಂದ ಮಂದಿ ಕರಸ್ತಾರ್ರಿ ಈಗ. ನನ್ನ ಕೈ ಸರಿ ಇಲ್ಲ ಅಂತಾರ’ ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನನಗೆ ವಿಷಯ ತಿಳಿಸುತ್ತಿದ್ದರು ಅಷ್ಟೇ.

ಅವನು ನನ್ನನ್ನು ಬೈದುಕೊಂಡು ಬದುಕಿರಬಹುದು ಎಂದುಕೊಂಡಿದ್ದೆ. ನನ್ನನ್ನು ನಂಬಿ ಬದುಕಿದ್ದ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮುಚ್ಚಳ ತಿರುಗಿಸಿ ಅವನ ಕೈಗೆ ಕೊಟ್ಟು ಎಲ್ಲವನ್ನೂ ಹೇಳಿದೆ. ಅಮಾವಾಸ್ಯೆ, ವಿಭೂತಿ, ನರಸಪ್ಪನ ಪಿನ್ನು, ಸೇಡಂನಿಂದ ಇಲ್ಲಿಯವರೆಗೆ ಒಮ್ಮೆಯೂ ನಿಲ್ಲದ್ದು, ನಿಲ್ಲಲಿ ಎಂದು ನಾನು ಬೇಡಿಕೊಂಡದ್ದು. ‘ತಪ್ಪು ನಂದು. ಕ್ಷಮಿಸಿ’ ಅಂದೆ.

ಸಾಬಣ್ಣ ಮುಚ್ಚಳವನ್ನು ಬೆಳಕಿಗೆ ಹಿಡಿದು ತೂತಿನೊಳಗಿಂದ ನೋಡಿದ. ಉಫ್ ಎಂದು ಊದಿದ. ಮುಚ್ಚಳದ ಒಳಮಗ್ಗುಲಲ್ಲಿ ಬೆರಳು ಇಟ್ಟು ಗಾಳಿ ಬರುವುದನ್ನು ಪರೀಕ್ಷಿಸಿದ. ಮತ್ತೊಮ್ಮೆ ಊದಿದ.

‘ಅಂದ್ರ ರಿಂಗ್ ಬರೋಬ್ಬರಿ ಇತ್ತು’ ಅಂದ ಕೊನೆಗೆ.

‘ಎಲ್ಲವೂ ಸರಿಯಿತ್ತು.’

ಗಾಡಿ ನಿಮಗೇ ಇರಲಿ, ಇಟ್ಟುಕೊಳ್ಳಿ ಎಂದೆ. ಬೇಡವೆಂದು ತಲೆ ಅಲ್ಲಾಡಿಸಿದ. ಮುಚ್ಚಳವನ್ನು ತಾನೇ ಟಾಕಿಗೆ ತಿರುಗಿಸಿ ಹಾಕಿ, ಅಂಗೈಯಿಂದ ಒರೆಸಿದ.

‘ಸರ್, ನೀವು ಇಷ್ಟು ದೂರ ಬಂದು ನನ್ನ ಮುಂದ ಹೇಳಿದ್ರಿ. ಚಲೋ ಆತು. ಆದ್ರ ಐನಾಪುರದಾಗ ನನಗ ಯಾರೂ ಮೋಸಗಾರ ಅಂದಿಲ್ರಿ. ನೀವು ಅಂದದ್ದು ಕಾಶಪ್ಪನ ಅಂಗಡ್ಯಾಗ, ಹತ್ತು ಮಂದಿ ಮುಂದ. ಅಲ್ಲಿ ಹೇಳ್ರಿ.’

ಊಟ ಮಾಡದೆ ಬಿಡಲಿಲ್ಲ. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ನೀಲಮ್ಮ ಮೂರನೆಯ ರೊಟ್ಟಿ ಹಾಕುವಾಗ ನಾನು ಬೇಡವೆಂದರೂ ಕೇಳಲಿಲ್ಲ. ಹೊರಡುವಾಗ ಸಾಬಣ್ಣ ನನ್ನ ಫೋನ್ ನಂಬರ್ ಕೇಳಿ ಬರೆದುಕೊಂಡ.

ಮತ್ತೆ ಶಹಾಬಾದ್

ಗಾಡಿ ಒಂದೇ ಉಸಿರಿಗೆ ಶಹಾಬಾದ್ ಮುಟ್ಟಿಸಿತು. ಮರುದಿನ ಬೆಳಗ್ಗೆ ಕಾಶಪ್ಪನ ಅಂಗಡಿಯಲ್ಲಿ ಹತ್ತಲ್ಲ, ಹದಿನೈದು ಜನರಿದ್ದರು. ಅಂದು ಇದ್ದವರಲ್ಲಿ ಅರ್ಧದಷ್ಟು ಮಂದಿ ಈಗಲೂ ಅದೇ ಬೆಂಚಿನಲ್ಲಿ. ತರಗತಿಯಲ್ಲಿ ನಿಂತ ಹಾಗೆ ನಿಂತು, ಮುಚ್ಚಳ ಎತ್ತಿ ಹಿಡಿದು, ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಸಾಬಣ್ಣನವರು ಮೋಸ ಮಾಡಿಲ್ಲ, ಮೋಸವಾದದ್ದು ನನ್ನ ಬುದ್ಧಿಗೆ ಎಂದು ಮುಗಿಸಿದೆ.

ಆಮೇಲೆ ಕಾಶಪ್ಪ ಚಹಾ ಸೋಸುತ್ತ ಹೇಳಿದ: ‘ಎಂಥಾ ದೊಡ್ಡ ಮನಸು ನೋಡ್ರಿ ಸರ್‌ದು! ಊರು ಬಿಟ್ಟು ಹೋಗೂ ಹೊತ್ತಿನಾಗ ಮೋಸ ಮಾಡಿದವನ್ನೂ ಮಾಫ್ ಮಾಡ್ಯಾರ.’

‘ಮಾಫ್ ಅಲ್ಲ ಕಾಶಪ್ಪ. ಅವರು ಮೋಸವನ್ನೇ ಮಾಡಿಲ್ಲ. ವಿಭೂತಿಯಿಂದ ತೂತು ಮುಚ್ಚಿತ್ತು.’

‘ವಿಭೂತಿ ಹಚ್ಚಿದ್ರ ಗಾಡಿ ಕೆಡ್ತದೇನ್ರಿ?’ ಮೂಲೆಯಲ್ಲಿದ್ದ ಹಿರಿಯರೊಬ್ಬರು ನೊಂದುಕೊಂಡರು. ಅವರ ಹಣೆಯ ಮೇಲೆ ಮೂರು ಬೆಳ್ಳನೆಯ ಪಟ್ಟೆ. ‘ದೇವರ ಮ್ಯಾಲ ಹಾಕಬ್ಯಾಡ್ರಿ ಸರ್. ವಿಭೂತಿ ಇತ್ತಂತs ಇಂಥಾ ಗಾಡಿ ಮ್ಯಾಲ ಆರು ವರ್ಷ ಬದುಕೀರಿ.’

ಎಲ್ಲರೂ ಹೌದ್ಹೌದು ಅಂದರು. ಯಾರೋ ನನ್ನ ಕೈಗೆ ಚಹಾ ಕೊಟ್ಟರು. ನಾನು ಮತ್ತೆ ಮೊದಲಿನಿಂದ ಹೇಳಿದೆ. ಈ ಸಲ ಅವರು ಇನ್ನಷ್ಟು ಗೌರವದಿಂದ ಕೇಳಿದರು. ನನ್ನ ಒಂದು ಸುಳ್ಳನ್ನು ಒಂದೇ ಮಾತಿಗೆ ನಂಬಿದ್ದ ಜನ ಅವರು. ನಿಜವನ್ನು ಎರಡು ಸಲ ಹೇಳಿದರೂ ಅದು ಅವರ ಬಾಯಲ್ಲಿ ನನ್ನ ಒಳ್ಳೆಯತನವಾಗಿ ಬದಲಾಗುತ್ತಿತ್ತು.

ಮಧ್ಯಾಹ್ನ ಸಾಬಣ್ಣನ ಫೋನ್ ಬಂತು.

‘ಹೇಳಿದ್ರೇನ್ರಿ ಸರ್?’

‘ಹೇಳಿದೆ.’

‘ನಂಬಿದ್ರೇನು?’

ಹೂಂ ಅಂದುಬಿಡೋಣ, ಅವರಿಗೆ ನೆಮ್ಮದಿಯಾಗಲಿ ಅನ್ನಿಸಿತು. ಅವರ ಬಗ್ಗೆ ಇನ್ನೊಂದು ಸುಳ್ಳು ಹೇಳಲು ಬಾಯಿ ಬರಲಿಲ್ಲ. ‘ಇಲ್ಲ’ ಅಂದೆ.

ಆ ಕಡೆಯಿಂದ ಮೇಕೆಯೊಂದು ಕೂಗುವುದು ಕೇಳಿಸಿತು.

‘ನಾಳಿ ಮತ್ತ ಹೇಳ್ರಿ’ ಅಂದರು ಸಾಬಣ್ಣ.

ನನಗೆ ಆ ಊರಿನಲ್ಲಿ ಇನ್ನು ನಾಲ್ಕು ದಿನ ಉಳಿದಿದ್ದವು. ನಾಲ್ಕು ದಿನವೂ ಬೆಳಗ್ಗೆ ಹೋಗಿ ಹೇಳಿದೆ. ನಾಲ್ಕು ದಿನವೂ ಮಧ್ಯಾಹ್ನ ಅವರು ಕೇಳಿದರು, ನಾನು ‘ಇಲ್ಲ’ ಅಂದೆ. ಐದನೆಯ ದಿನ ನಾನು ರೈಲಿನಲ್ಲಿದ್ದೆ. ಅಂದೂ ಅದೇ ಹೊತ್ತಿಗೆ ಫೋನ್ ಬಂತು. ಅದಕ್ಕೇ ಈಗ ಬಿಸಿಲಿನ ಮಾತು ಬಿಟ್ಟು, ಕೇಳಿದವರಿಗೆಲ್ಲ ಇದನ್ನೇ ಹೇಳುತ್ತಿದ್ದೇನೆ.